ಉಪ್ಪಿನಕಾಯಿ ಮೇಲೆ ತಪ್ಪು ಹೊರಿಸಬೇಡಿ

ಜಗಳೂರಿನ ಸಹೋದರಿಗೆ,

ನೀವು ಕಳಿಸಿದ 'ಬಸುರಿಯರ ಬಿಪಿ: ಕಾರಣ, ಪರಿಹಾರ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಕಾರಣ ಹೇಳುತ್ತೇನೆ.

ಏಳನೇ ತಿಂಗಳಲ್ಲಿ ಅಕ್ಕ ಉಪ್ಪಿನಕಾಯಿ, ಮಿರ್ಚಿ ಜಾಸ್ತಿ ತಿಂದಳು, ಅದಕ್ಕೇ ಬಿಪಿ ಏರಿತು ಎಂದಿದ್ದೀರಿ. ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿ ಮಿರ್ಚಿ ಮುಟ್ಟದ ಬಸುರಿ ಎಷ್ಟು ಜನ ಸಿಗ್ತಾರೆ? ಎಲ್ಲರಿಗೂ ಬಿಪಿ ಬಂತಾ?

ನೀವು ಬರೆದ ಲಕ್ಷಣ ನೋಡಿದರೆ ಅದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆ ಕೊಡುವ ಕಾಯಿಲೆ. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿದೆ, ಮೂತ್ರದಲ್ಲಿ ಪ್ರೋಟೀನ್ ಕಂಡಿದೆ. ಆದರೆ ಇದರ ಬೇರು ಬಹಳ ಸಲ ಅದಕ್ಕಿಂತ ಮೊದಲೇ, ಹೊಟ್ಟೆಯೊಳಗಿನ ಮಗುವನ್ನು ಪೋಷಿಸುವ ಮಾಸು ಬೆಳೆಯುವ ಹೊತ್ತಿಗೇ ಇರುತ್ತದೆ. ಆಗ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಬೇಕು. ಕೆಲವರಲ್ಲಿ ಸರಿಯಾಗಿ ಆಗುವುದಿಲ್ಲ. ಕಾಲುವೆ ಕೊನೆಯ ಗದ್ದೆಗೆ ನೀರು ಸಾಲದ ಹಾಗೆ ಮಾಸಿಗೆ ರಕ್ತ ಸಾಲದು. ಸೊರಗಿದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಅವು ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಆಮೇಲೆ ಬಿಪಿ, ಮೂತ್ರಪಿಂಡ, ಲಿವರ್, ತಲೆನೋವು, ಕಣ್ಣು ಮಂಜು. ಏಳನೇ ತಿಂಗಳ ಮಿರ್ಚಿ ಹಿಂದಕ್ಕೆ ಹೋಗಿ ಇದನ್ನೆಲ್ಲ ಮಾಡಲಾರದು, ಅಲ್ವಾ?

ಇನ್ನೊಂದು. ಅಕ್ಕನಿಗೆ ಅವಳಿ ಮಕ್ಕಳು, ಅದೂ ಚೊಚ್ಚಲು ಬಸಿರು, ನಿಮ್ಮ ತಾಯಿಗೂ ಹೆರಿಗೆ ಹೊತ್ತಲ್ಲಿ ಬಿಪಿಯಿಂದ ಫಿಟ್ಸ್ ಬಂದಿತ್ತು ಎಂಬುದನ್ನು ಕೊನೆಯ ಪುಟದಲ್ಲಿ ಸುಮ್ನೆ ಹೇಳಿ ಮುಗಿಸಿದ್ದೀರಿ. ಅಯ್ಯೋ, ಲೇಖನ ಇರುವುದೇ ಅಲ್ಲಿ! ಮೂರೂ ಅಪಾಯ ಹೆಚ್ಚಿಸುವ ಸಂಗತಿಗಳು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಬೊಜ್ಜು, ಬಸಿರಿಗೆ ಮುಂಚೆಯೇ ಇದ್ದ ಬಿಪಿ ಕೂಡ ಅದೇ ಸಾಲಿನವು. ಇವೇನೂ ಇಲ್ಲದವರಿಗೂ ಬರುತ್ತದೆ, ಎಲ್ಲ ಇದ್ದವರಿಗೆ ಬರದೇ ಇರಬಹುದು. ಅದನ್ನು ಹಾಗೇ ಬರೆಯಿರಿ.

ಬೆಳ್ಳುಳ್ಳಿ ಪರಿಹಾರದ ಪ್ಯಾರಾ ಪೂರ್ತಿ ತೆಗೆಯಿರಿ. ಅದನ್ನು ನಂಬಿ ಯಾರಾದರೂ ಮನೆಯಲ್ಲೇ ಕೂತರೆ ಗತಿಯೇನು? ಹೆರಿಗೆಯಾದ ಮೇಲೂ ಬಿಪಿ ಏರಬಹುದು ಎಂಬ ಒಂದು ಸಾಲು ಅಲ್ಲಿ ಬರಲಿ.

ಸೀಮಂತದ ದಿನ ಬಳೆ ಏರದೆ ಬಳೆಗಾರ ಅಕ್ಕನ ಕೈಗೆ ಸೋಪು ಹಚ್ಚಿದ ಸಾಲು ಚೆನ್ನಾಗಿದೆ. ಊತ ಒಂದರಿಂದಲೇ ಬಿಪಿ ಎನ್ನಲಾಗದು, ಆದರೂ ಲೇಖನ ಅಲ್ಲಿಂದಲೇ ಶುರುವಾಗಲಿ. ಅಕ್ಕನ 'ತಾಯಿ ಕಾರ್ಡ್' (ಬಸುರಿಯ ತಪಾಸಣೆ ವಿವರ ಬರೆಯುವ ಕಾರ್ಡ್) ಹುಡುಕಿ, ಯಾವ ತಿಂಗಳು ಬಿಪಿ ಎಷ್ಟಿತ್ತು ನೋಡಿ ಬರೆದು ಕಳಿಸಿ.