ಯಾರು ಹೇಳಿದ್ದು, ಯಾರಿಗೆ ಹೇಳಿದ್ದು? ಸತ್ಯವೇದ: ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಒಂದು ವಚನವನ್ನು ಅದಿರುವ ಜಾಗದಿಂದ ಕಿತ್ತು ತಂದು ಹೇಳುವುದು, ಬರೆದು ಕಳಿಸುವುದು, ಕೆಲವೊಮ್ಮೆ ಅದರಿಂದಲೇ ಇನ್ನೊಬ್ಬರ ಬಾಯಿ ಮುಚ್ಚಿಸುವುದು. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಯೆರೆಮೀಯ 29:11 ನನಗೆ ತುಂಬ ಹತ್ತಿರದ ವಚನ. ದೇವರ ಯೋಚನೆಗಳು ನಮಗೆ ಕೇಡು ಮಾಡುವಂಥವಲ್ಲ, ಹಿತದವು, ನಿರೀಕ್ಷೆ ಕೊಡುವಂಥವು ಎಂಬ ಆ ಮಾತು ಕೆಲಸ ಕಳೆದುಕೊಂಡ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸಿತು. ಈಗ ಒಬ್ಬರು ‘ಅದು ನಿನಗೆ ಹೇಳಿದ್ದಲ್ಲ, ಸಂದರ್ಭ ನೋಡು’ ಅಂದುಬಿಟ್ಟರು. ಹಾಗಾದರೆ ನಾನು ನಂಬಿದ್ದು ಸುಳ್ಳಾ?

ಉತ್ತರ: ಸುಳ್ಳಲ್ಲ. ಆದರೆ ಅವರು ಅರ್ಧಕ್ಕೆ ನಿಲ್ಲಿಸಿದರು. ‘ಸಂದರ್ಭ ನೋಡು’ ಅಂದವರು ಪಕ್ಕದಲ್ಲಿ ಕೂತು ಅದನ್ನು ತೋರಿಸಲೂಬೇಕಿತ್ತು. ಬನ್ನಿ, ಆ ಅಧ್ಯಾಯ ತೆಗೆಯಿರಿ.

ಅದೊಂದು ಕಾಗದ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜ ಯೆಕೊನ್ಯ, ಅವನ ತಾಯಿ, ಅಧಿಕಾರಿಗಳು, ಕಸುಬುದಾರರು ಎಲ್ಲರನ್ನೂ ಬಾಬೆಲಿಗೆ ಸೆರೆ ಹಿಡಿದುಕೊಂಡು ಹೋಗಿದ್ದ. ಅಲ್ಲಿ ಕೊರಗುತ್ತಾ ಕೂತವರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದು ಕಳಿಸಿದ್ದು ಇದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅನ್ನುತ್ತಾನೆ. ಜನಕ್ಕೆ ಬೇಕಾಗಿದ್ದೂ ಅದೇ ಮಾತು. ಯೆರೆಮೀಯನ ಕಾಗದ ಏನು ಹೇಳುತ್ತದೆ ಗೊತ್ತಾ? ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮದುವೆ ಮಾಡಿಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿ, ನಿಮ್ಮನ್ನು ಎಲ್ಲಿಗೆ ಸೆರೆ ಒಯ್ದರೋ ಆ ಪಟ್ಟಣದ ಒಳಿತಿಗಾಗಿಯೇ ಪ್ರಾರ್ಥಿಸಿ. 10ನೇ ವಚನದಲ್ಲಿ ಲೆಕ್ಕ ಬರುತ್ತದೆ: 70 ವರ್ಷ. ನಿಮ್ಮ 11ನೇ ವಚನ ಬರುವುದು ಅದರ ಬೆನ್ನಿಗೇ.

70 ವರ್ಷ ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಕಣ್ಣು ಮುಚ್ಚುತ್ತಾರೆ. ಊರಿನ ದಾರಿ ಹಿಡಿಯುವುದು ಮಕ್ಕಳು, ಮೊಮ್ಮಕ್ಕಳು. ಅಂಥವರಿಗೆ ದೇವರು ಹೇಳಿದ ಮಾತು ಇದು: ನಿಮ್ಮನ್ನು ನಾನು ಮರೆತಿಲ್ಲ, ನನ್ನ ಮನಸ್ಸಿನಲ್ಲಿ ನಿಮಗೆ ಕೇಡಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮುಂದಿನ ತಿಂಗಳು ಒಳ್ಳೆಯ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಈ ವಚನದ ಮೇಲೆ ಬರೆದುಕೊಡಲು ಬರುವುದಿಲ್ಲ. ಹಾಗೆ ಬರೆದುಕೊಟ್ಟವನು ಹನನ್ಯ. ಆದರೆ ಇಷ್ಟೆಲ್ಲ ಕಳೆದುಕೊಂಡವರನ್ನೂ ಕೈಬಿಡದ ದೇವರು ಇವನು ಎಂಬುದು ಆ ಕಾಗದದಲ್ಲಿ ಸ್ಪಷ್ಟವಾಗಿದೆ, ಆ ದೇವರನ್ನೇ ನೀವೂ ನಂಬಿರುವುದು. ಕೆಲಸ ಸಿಗುವುದು ತಡವಾದರೂ ಆ ನಂಬಿಕೆ ಕುಸಿಯಬೇಕಾಗಿಲ್ಲ. ಮೊದಲಿಗಿಂತ ಗಟ್ಟಿಯಾದ ಧೈರ್ಯ ಇದು ಅಂತ ನನಗನ್ನಿಸುತ್ತದೆ. ಇದು ನನಗಲ್ಲ ಎಂದು ಬಿಟ್ಟುಕೊಡಬೇಡಿ, ಇಡೀ ಕಾಗದವನ್ನೇ ಹಿಡಿದುಕೊಳ್ಳಿ.

ಪ್ರಶ್ನೆ: ‘ನಿನ್ನ ಆರಂಭ ಚಿಕ್ಕದಾದರೂ ನಿನ್ನ ಕೊನೆ ಬಹಳ ದೊಡ್ಡದಾಗುವುದು.’ ಯೋಬ 8:7. ಹೊಸ ಅಂಗಡಿ, ಹೊಸ ಮನೆ ಅಂದರೆ ಎಲ್ಲರೂ ಇದನ್ನೇ ಕಳಿಸುತ್ತಾರೆ. ಇದು ದೇವರ ವಾಗ್ದಾನ ತಾನೇ?

ಉತ್ತರ: ದೇವರು ಹೇಳಿದ್ದಲ್ಲ. ಯೋಬನ ಗೆಳೆಯ ಬಿಲ್ದದ ಹೇಳಿದ್ದು. ಅವನು ಅದನ್ನು ಯಾರ ಮುಂದೆ ಹೇಳಿದ ಅಂತ ನೋಡಿದರೆ ಎದೆ ಹಿಂಡುತ್ತದೆ.

ಯೋಬನ ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು ಒಂದೇ ದಿನ ಸತ್ತಿದ್ದಾರೆ. ಬಿರುಗಾಳಿಗೆ ಮನೆ ಅವರ ಮೇಲೇ ಬಿದ್ದಿದೆ. ಯೋಬನ ಮೈತುಂಬ ಹುಣ್ಣು. ಅವನ ಎದುರಿಗೆ ಕೂತು ಬಿಲ್ದದ ಮಾತು ಶುರು ಮಾಡುತ್ತಾನೆ. 4ನೇ ವಚನ: ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೆ ತಕ್ಕದ್ದು ಅವರಿಗೆ ಸಿಕ್ಕಿತು. 6ನೇ ವಚನ: ನೀನು ಶುದ್ಧನೂ ನೆಟ್ಟಗಿರುವವನೂ ಆಗಿದ್ದರೆ ದೇವರು ನಿನಗಾಗಿ ಏಳುತ್ತಾನೆ. ಆಮೇಲೆ 7ನೇ ವಚನ, ನಾವು ಹೂವಿನ ಚಿತ್ರದ ಮೇಲೆ ಬರೆದು ಕಳಿಸುವ ಆ ಸಾಲು. ಮಕ್ಕಳನ್ನು ಕಳೆದುಕೊಂಡ ತಂದೆಗೆ, ತಪ್ಪು ನಿನ್ನ ಮನೆಯದೇ, ಸರಿಯಾದರೆ ಎಲ್ಲ ವಾಪಸ್ ಬರುತ್ತೆ ಎಂದು ಹೇಳುವ ಮಾತಿನ ನಡುವೆ ಅದು ಇದೆ. ಅದೇ ಪುಸ್ತಕದ ಕೊನೆಗೆ, 42:7ರಲ್ಲಿ, ದೇವರು ಇನ್ನೊಬ್ಬ ಗೆಳೆಯ ಎಲೀಫಜನಿಗೆ ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಆ ಇಬ್ಬರಲ್ಲಿ ಬಿಲ್ದದ ಒಬ್ಬ.

ಇಲ್ಲಿ ಇನ್ನೊಂದು ವಿಷಯ ಇದೆ, ಬಿಡಬಾರದು. ಕೊನೆಗೆ ಯೋಬನ ಸ್ಥಿತಿ ನಿಜವಾಗಿಯೂ ಮೊದಲಿಗಿಂತ ದೊಡ್ಡದಾಗುತ್ತದೆ. 7,000 ಇದ್ದ ಕುರಿ 14,000 ಆಗುತ್ತವೆ, 3,000 ಇದ್ದ ಒಂಟೆ 6,000 ಆಗುತ್ತವೆ. ಅಂದರೆ ಬಿಲ್ದದ ಹೇಳಿದ ಹಾಗೇ ಆಯಿತಲ್ಲ ಅಂತ ನೀವು ಕೇಳಬಹುದು. ಆಯಿತು, ಆದರೆ ಅವನು ಕೊಟ್ಟ ಕಾರಣಕ್ಕಲ್ಲ. ಯೋಬ ಪಾಪ ಒಪ್ಪಿಕೊಂಡು ಸರಿಹೋದ ಅನ್ನುವುದಕ್ಕಲ್ಲ. ಅವನು ನೀತಿವಂತ ಎಂದು ದೇವರೇ ಮೊದಲ ಅಧ್ಯಾಯದಲ್ಲಿ ಹೇಳಿಬಿಟ್ಟಿದ್ದಾನೆ. ಹಾಗಂತ ಗೆಳೆಯರ ಪ್ರತಿ ಮಾತೂ ಕಸ ಅನ್ನುವ ಹಾಗೂ ಇಲ್ಲ. ಎಲೀಫಜನ ಒಂದು ಮಾತನ್ನು (ಯೋಬ 5:13) ಪೌಲನೇ 1 ಕೊರಿಂಥ 3:19ರಲ್ಲಿ ತೆಗೆದುಕೊಳ್ಳುತ್ತಾನೆ. ಒಳ್ಳೆಯ ಮಾತುಗಳನ್ನೇ ಅವು ಸಲ್ಲದ ಮನುಷ್ಯನ ಮೇಲೆ ಹೊರಿಸಿದರು, ಅದೇ ಅವರ ತಪ್ಪು.

ಹೊಸ ಅಂಗಡಿ ತೆರೆದವರಿಗೆ ನಿಮ್ಮದೇ ಮಾತಿನಲ್ಲಿ ಒಳ್ಳೆಯದಾಗಲಿ ಎಂದು ಹರಸಿ, ಅವರಿಗಾಗಿ ಪ್ರಾರ್ಥಿಸಿ. ಬಿಲ್ದದನ ಮಾತಿಗೆ ದೇವರ ಸಹಿ ಹಾಕಿ ಕಳಿಸಬೇಡಿ. ಮನೆಯಲ್ಲಿ ಸಾವು ಕಂಡವರಿಗಂತೂ ದಯವಿಟ್ಟು ಬೇಡ.

ಪ್ರಶ್ನೆ: ‘ತೀರ್ಪು ಮಾಡಬೇಡಿರಿ’ ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 7:1). ಹಾಗಿದ್ದರೆ ಸಭೆಯ ಹಣದ ಲೆಕ್ಕ ಕೇಳುವುದು ತಪ್ಪಾ? ನಮ್ಮಲ್ಲಿ ಕೇಳಿದವರಿಗೆಲ್ಲ ಈ ವಚನ ತೋರಿಸುತ್ತಾರೆ.

ಉತ್ತರ: ತಪ್ಪಲ್ಲ, ಕೇಳಿ. ಅದೇ ಭಾಗದ 5ನೇ ವಚನದಲ್ಲಿ ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ಸರಿಯಾಗಿ ಕಾಣಿಸುತ್ತದೆ ಎಂದಿದೆ. ರವೆಯನ್ನು ಅಲ್ಲೇ ಬಿಡು ಎಂದಿಲ್ಲ. 15ನೇ ವಚನದಲ್ಲಿ ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ ಎನ್ನುತ್ತಾನೆ. ನೋಡಿ ತೂಗದೆ ಎಚ್ಚರವಾಗಿರುವುದು ಹೇಗೆ? ಅವನು ಬೇಡ ಅಂದಿದ್ದು ತನಗೊಂದು ಅಳತೆ, ಇನ್ನೊಬ್ಬರಿಗೊಂದು ಅಳತೆ ಇಟ್ಟುಕೊಳ್ಳುವುದನ್ನು. ಪೌಲ ಕೂಡ ಕಾಣಿಕೆಯ ಹಣ ಸಾಗಿಸುವಾಗ ಯಾರೂ ಬೆರಳು ತೋರಿಸಬಾರದೆಂದು ಜೊತೆಗೆ ಬೇರೆಯವರನ್ನೂ ಕಳಿಸಿದ (2 ಕೊರಿಂಥ 8:18–21). ಲೆಕ್ಕ ಕೊಡುವವರಿಗೆ ತೋರಿಸಬೇಕಾದ ಭಾಗ ಅದು.

ಪ್ರಶ್ನೆ: ಹೆಸರು ಹಾಕಬೇಡಿ. ಮನೆಯಲ್ಲಿ ಏನೇ ಮಾತು ಬಂದರೂ ನನ್ನ ಗಂಡ ಎಫೆಸ 5:22 ಓದುತ್ತಾರೆ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು, ಅಷ್ಟೇ. ಬೈದಾಗಲೂ ಅದೇ, ಕೈ ಎತ್ತಿದಾಗಲೂ ಅದೇ. ದೇವರ ವಾಕ್ಯಕ್ಕೆ ಎದುರು ಮಾತಾಡಲು ನನಗೆ ಭಯ.

ಉತ್ತರ: ತಂಗೀ, ಮೊದಲು ಒಂದು ಮಾತು. ಕೈ ಎತ್ತುವುದನ್ನು ಸಹಿಸಿಕೊಂಡಿರು ಎಂದು ಆ ಭಾಗ ಎಲ್ಲೂ ಹೇಳುವುದಿಲ್ಲ. ನಿಮಗೆ ಅಪಾಯ ಇದ್ದರೆ ಈ ಉತ್ತರವನ್ನು ಪೂರ್ತಿ ಓದುವುದಕ್ಕೂ ಮುಂಚೆ ನಂಬುವ ಒಬ್ಬರಿಗೆ ಹೇಳಿ, ಸುರಕ್ಷಿತವಾದ ಕಡೆ ಇರಿ, ಪೊಲೀಸರ ಸಹಾಯ ಬೇಕಾದರೆ ತೆಗೆದುಕೊಳ್ಳಿ. ಅದು ದೇವರಿಗೆ ಎದುರು ನಿಂತಂತೆ ಅಲ್ಲ.

ಈಗ ಆ ಪುಟ. 22ಕ್ಕೆ ಹಿಂದಿನ ವಚನ, 21, ಒಬ್ಬರಿಗೊಬ್ಬರು ಅಧೀನರಾಗಿರಿ ಅನ್ನುತ್ತದೆ. ಹೆಂಡತಿಯರಿಗೆ ಹೇಳುವುದು 22ರಿಂದ 24ರವರೆಗೆ. 25ರಿಂದ ಗಂಡಂದಿರ ಸರದಿ, ಅದು ಅಧ್ಯಾಯ ಮುಗಿಯುವವರೆಗೂ ನಡೆಯುತ್ತದೆ. ಕ್ರಿಸ್ತನು ಸಭೆಯನ್ನು ಪ್ರೀತಿಸಿ ಅದಕ್ಕಾಗಿ ತನ್ನನ್ನೇ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು, ಅವಳನ್ನು ನಿನ್ನ ಸ್ವಂತ ಮೈಯಂತೆ ಪೋಷಿಸು. ತನ್ನ ಮೈಗೆ ತಾನೇ ಹೊಡೆದುಕೊಳ್ಳುವವರು ಯಾರು? ಹಿಂದಿನ ಅಧ್ಯಾಯದಲ್ಲಿ ಸಿಟ್ಟು, ಕೂಗಾಟ, ಬೈಗುಳ ಎಲ್ಲವನ್ನೂ ದೂರ ಮಾಡಿ ಎಂದು ಎಲ್ಲರಿಗೂ ಹೇಳಿಯಾಗಿದೆ (4:31). ಕೊಲೊಸ್ಸೆ 3:19 ಇನ್ನೂ ನೇರ: ಹೆಂಡತಿಗೆ ಕಠಿಣವಾಗಿರಬೇಡ.

ಇನ್ನೊಂದನ್ನು ಗಮನಿಸಿ. 22ನೇ ವಚನ ಹೆಂಡತಿಯ ಜೊತೆ ಮಾತಾಡುತ್ತದೆ. ಗಂಡನ ಕಡೆ ತಿರುಗಿ, ಅವಳನ್ನು ಅಧೀನ ಮಾಡಿಕೋ ಎಂದು ಪೌಲ ಒಂದು ಕಡೆಯೂ ಬರೆದಿಲ್ಲ. ನಿಮ್ಮ ಗಂಡ ಓದುತ್ತಿರುವುದು ನಿಮಗೆ ಬರೆದ ಸಾಲನ್ನು, ತಮಗೆ ಬರೆದಿದ್ದನ್ನು ಬಿಟ್ಟು. ಕುಟುಂಬದಲ್ಲಿ ಗಂಡನ ಜಾಗ ಏನು ಎಂಬ ಬಗ್ಗೆ ಸಭೆಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ಇರಲಿ. ಯಾವ ಅಭಿಪ್ರಾಯ ಇಟ್ಟುಕೊಂಡರೂ ಶಿಲುಬೆಗೆ ಹೋದವನನ್ನು ಮಾದರಿಯಾಗಿಟ್ಟ ಈ ಭಾಗದಿಂದ ಹೊಡೆಯುವ ಹಕ್ಕು ಹುಟ್ಟುವುದಿಲ್ಲ. ನಿಮ್ಮ ಸಭಾಪಾಲಕರು ಇದನ್ನು ಕೇಳಿಸಿಕೊಳ್ಳದಿದ್ದರೆ ಕೇಳಿಸಿಕೊಳ್ಳುವ ಬೇರೆಯವರ ಹತ್ತಿರ ಹೋಗಿ.

ಪ್ರಶ್ನೆ: ಸಂದರ್ಭ ಸಂದರ್ಭ ಅಂತೀರಿ. ಮತ್ತಾಯನೇ ಹೋಶೇಯನ ಒಂದು ಸಾಲು ಕಿತ್ತು ತಂದು ಯೇಸುವಿಗೆ ಹಚ್ಚಿಲ್ವಾ? ‘ಐಗುಪ್ತದಿಂದ ನನ್ನ ಮಗನನ್ನು ಕರೆದೆನು.’ ಅಲ್ಲಿ ಮಗ ಅಂದರೆ ಇಸ್ರಾಯೇಲ್ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ. ಹೌದು, ಹೋಶೇಯ 11:1 ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಬಂದ ಹಳೆಯ ಸಂಗತಿಯ ಬಗ್ಗೆಯೇ ಇದೆ. ಮತ್ತಾಯನಿಗೆ ಅದು ಗೊತ್ತಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಅವನು ಮುಂದೆ ಬರೆಯುವುದನ್ನು ನೋಡಿ: ಐಗುಪ್ತದಿಂದ ಬಂದ ಮಗ ಯೇಸು ದೀಕ್ಷಾಸ್ನಾನಕ್ಕೆ ನೀರಿಗಿಳಿಯುತ್ತಾನೆ, ಅಲ್ಲಿಂದ ಅಡವಿಗೆ ಹೋಗುತ್ತಾನೆ, ಅಲ್ಲಿ 40 ದಿನ. ಇಸ್ರಾಯೇಲ್ ಸಮುದ್ರ ದಾಟಿ ಅಡವಿಯಲ್ಲಿ 40 ವರ್ಷ ಕಳೆದ ಕಥೆಯನ್ನು ಮತ್ತಾಯ ಹೆಜ್ಜೆ ಹೆಜ್ಜೆಗೂ ನೆನಪಿಸುತ್ತಿದ್ದಾನೆ. ಒಂದು ಸಾಲಿನ ಜೊತೆ ಇಡೀ ಕಥೆಯನ್ನೇ ಕರೆತಂದಿದ್ದಾನೆ. ಸಾಲು ಕೀಳುವುದು ಬೇರೆ, ಇದು ಬೇರೆ.

ಕಿತ್ತು ಹೇಳುವುದು ಹೇಗಿರುತ್ತದೆ ಅನ್ನುವುದು ಅದೇ ಅಡವಿಯ ಕಥೆಯಲ್ಲಿದೆ. ದೇವಾಲಯದ ತುದಿಯಿಂದ ಧುಮುಕು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ ಸೈತಾನ. ಬರೆದಿರುವುದು ನಿಜ, ಕೀರ್ತನೆ 91:11–12. ಆದರೆ ಆ ಕೀರ್ತನೆ ದೇವರ ಮರೆಹೊಕ್ಕವನ ಬಗ್ಗೆ ಹಾಡುತ್ತದೆ, ಬೇಕಂತಲೇ ಬಿದ್ದು ದೇವರನ್ನು ಪರೀಕ್ಷೆ ಮಾಡುವವನ ಬಗ್ಗೆ ಅಲ್ಲ. ಯೇಸು ಉತ್ತರ ಕೊಡುವುದು ಧರ್ಮೋಪದೇಶಕಾಂಡ 6:16ರಿಂದ. ಆ ವಚನ ಮಸ್ಸಾದಲ್ಲಿ ನಡೆದದ್ದನ್ನು ಹೆಸರು ಹಿಡಿದು ನೆನಪಿಸುತ್ತದೆ, ನೀರಿಲ್ಲದಾಗ ಜನ ‘ದೇವರು ನಮ್ಮ ಜೊತೆ ಇದ್ದಾನೋ ಇಲ್ಲವೋ’ ಎಂದು ಜಗಳಕ್ಕೆ ನಿಂತ ಜಾಗ ಅದು. ಬೈಬಲ್‌ನ ವಚನ ಹೇಳಿದ ಮಾತ್ರಕ್ಕೆ ಬೈಬಲ್ ಹೇಳುವುದನ್ನು ಹೇಳಿದಂತೆ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಪ್ರಶ್ನೆ: ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವನ್ನು ದೇವರ ಉತ್ತರ ಅಂತ ತೆಗೆದುಕೊಳ್ಳಬಹುದಾ? ಅಗಸ್ಟಿನ್ ಹೀಗೇ ಬದಲಾದರಂತೆ.

ಉತ್ತರ: ಮುಂದೆ ಬಿಷಪರಾದ ಅಗಸ್ಟಿನ್ ಅವರ ಕಥೆ ನಿಜ, ಅವರೇ ಬರೆದಿದ್ದಾರೆ. 386ರಲ್ಲಿ ಮಿಲಾನ್‌ನ ಒಂದು ತೋಟದಲ್ಲಿ ಮಗುವಿನ ದನಿಯಲ್ಲಿ ‘ತೆಗೆದು ಓದು’ ಎಂದು ಕೇಳಿ, ಪೌಲನ ಪುಸ್ತಕ ತೆರೆದಾಗ ರೋಮ 13:13–14 ಕಣ್ಣಿಗೆ ಬಿತ್ತು. ಆದರೆ ಅವರು ಅದಕ್ಕೂ ಮುಂಚೆಯೇ ಪೌಲನನ್ನು ಆಸೆಯಿಂದ ಓದಿದ್ದವರು. ಕುಡಿತ, ಕಾಮ ಬಿಟ್ಟು ಕ್ರಿಸ್ತನನ್ನು ಧರಿಸಿಕೋ ಎಂದು ಆ ಸಾಲು ಅವರಿಗೆ ಹೇಳಿತು, ಇಡೀ ಭಾಗವೂ ಎಲ್ಲರಿಗೂ ಹೇಳುವುದು ಅದನ್ನೇ. ಯಾವ ಕೆಲಸ ಹಿಡಿಯಲಿ, ಯಾರನ್ನು ಮದುವೆಯಾಗಲಿ ಎಂದು ಬೆರಳಿಟ್ಟು ನೋಡುವುದು ಬೇರೆ. ಬೇಡ.

ಪ್ರಶ್ನೆ: ನಾನು ಓದಿದವನಲ್ಲ, ದೊಡ್ಡ ವ್ಯಾಖ್ಯಾನ ಪುಸ್ತಕಗಳು ನನ್ನ ಹತ್ತಿರ ಇಲ್ಲ. ಸಂದರ್ಭ ನೋಡಿ ಓದುವುದು ನನ್ನಂಥವನಿಗೆ ಆಗುತ್ತಾ?

ಉತ್ತರ: ಆಗುತ್ತೆ. ಚಿಕ್ಕದೊಂದು ಪತ್ರದಿಂದ ಶುರು ಮಾಡಿ. ಫಿಲಿಪ್ಪಿ ತೆಗೆಯಿರಿ: ನಾಲ್ಕು ಅಧ್ಯಾಯ, 104 ವಚನ, ಒಂದೇ ಸಲ ಕೂತು ಓದಿ ಮುಗಿಸಬಹುದು. ಅಂಕಿಗಳ ಕಡೆ ನೋಡಬೇಡಿ. ಪೌಲ ಅಂಕಿ ಹಾಕಿ ಬರೆದವನಲ್ಲ. ಈಗಿರುವ ಅಧ್ಯಾಯಗಳು 13ನೇ ಶತಮಾನದವು, ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು ಪ್ಯಾರಿಸ್‌ನ ಮುದ್ರಕ ರಾಬರ್ಟ್ ಎಸ್ತಿಯೆನ್ 1551ರಲ್ಲಿ ಹಾಕಿದವು. ಹುಡುಕಲು ಅನುಕೂಲ, ಅಷ್ಟೇ.

ಓದುವಾಗ ಸುಮ್ನೆ ಕೇಳಿಕೊಳ್ಳುತ್ತಾ ಹೋಗಿ: ಬರೆಯುತ್ತಿರುವವನು ಎಲ್ಲಿದ್ದಾನೆ? ಯಾಕೆ ಬರೆಯುತ್ತಿದ್ದಾನೆ? ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ, ಅವನು ಸೆರೆಯಲ್ಲಿದ್ದಾನೆ, ಬದುಕುತ್ತೇನೋ ಸಾಯುತ್ತೇನೋ ತಿಳಿಯದು. ಕೊನೆಗೆ, ಎಪಫ್ರೊದೀತನ ಕೈಯಲ್ಲಿ ಫಿಲಿಪ್ಪಿಯವರು ಕಳಿಸಿದ ಸಹಾಯ ತಲುಪಿತು ಎಂದು ಬರೆಯುತ್ತಾನೆ. ಅಲ್ಲಿ ಬರುವುದು 4:13, ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತು. ಪರೀಕ್ಷೆಗೆ ಕೂರುವವರು, ಪಂದ್ಯಕ್ಕೆ ಇಳಿಯುವವರು ಬರೆದುಕೊಳ್ಳುವುದು ಅದನ್ನೇ. ಆದರೆ ಹಿಂದಿನ ವಚನ ಓದಿ: ಹೊಟ್ಟೆ ತುಂಬಿದಾಗಲೂ ಇರಬಲ್ಲೆ, ಹಸಿದಾಗಲೂ ಇರಬಲ್ಲೆ. ಗೆದ್ದೇ ಗೆಲ್ಲುತ್ತೇನೆ ಅಂತ ಅವನು ಹೇಳುತ್ತಿಲ್ಲ, ಗೆದ್ದರೂ ಸೋತರೂ ನಿಲ್ಲುವ ಶಕ್ತಿ ಸಿಕ್ಕಿದೆ ಅನ್ನುತ್ತಿದ್ದಾನೆ. ಮುಂದಿನ ವಚನವನ್ನೂ ಓದಿ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಎಂದಿದೆ. ಎಲ್ಲಕ್ಕೂ ಶಕ್ತನಾದವನೇ ಬೇರೆಯವರು ಮಾಡಿದ ಸಹಾಯಕ್ಕೆ ಕೃತಜ್ಞತೆ ಹೇಳುತ್ತಿದ್ದಾನೆ. ಇದನ್ನು ಕಾಣಲು ವ್ಯಾಖ್ಯಾನ ಪುಸ್ತಕ ಬೇಕಾಗಲಿಲ್ಲ, ಅಲ್ವಾ?

ಫಿಲಿಪ್ಪಿ ಆದಮೇಲೆ ಫಿಲೆಮೋನ ಓದಿ, ಬರೀ 25 ವಚನ. ಎಲ್ಲಿ ಸಿಕ್ಕಿಕೊಂಡಿರಿ ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ತೆಗೆದುಕೊಳ್ಳೋಣ.