ಕೌಬಾಯ್ ಬೀಬಾಪ್ ಅನಿಮೆಯನ್ನು ಎಲ್ಲರೂ ಯಾಕೆ ಅಷ್ಟು ಹೊಗಳುತ್ತಾರೆ? ಮೂರು ಕಂತು ನೋಡಿ ಬಿಟ್ಟೆ, ಮುಂದುವರಿಸಬೇಕಾ?

ನೀವು ಬಿಟ್ಟ ಜಾಗ ನೋಡಿ ನಗು ಬಂತು. ಮೊದಲ ಸಲ ನಾನೂ ಮೂರನೇ ಕಂತಿಗೇ ಬಿಟ್ಟಿದ್ದೆ.

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಒಬ್ಬ ಹಾರ್ಡ್ ಡಿಸ್ಕ್ ಕೈಗಿಟ್ಟು, "ಇದನ್ನು ನೋಡಿಲ್ಲ ಅಂದ್ರೆ ಅನಿಮೆನೇ ನೋಡಿಲ್ಲ ಅಂತ ಲೆಕ್ಕ" ಅಂದಿದ್ದ. ಬಾಹ್ಯಾಕಾಶ, ಗನ್ನು, ಬೇಟೆ ಅಂದಮೇಲೆ ಭಾರೀ ಯುದ್ಧ ಇರುತ್ತೆ ಅಂದುಕೊಂಡು ಕೂತೆ. ಮೂರು ಕಂತು ಮುಗಿದರೂ ಕಥೆ ಶುರುವೇ ಆಗಲಿಲ್ಲ ಅನ್ನಿಸಿತು. ಡಿಸ್ಕ್ ವಾಪಸ್ ಕೊಟ್ಟೆ. ಎರಡು ವರ್ಷ ಬಿಟ್ಟು, ಕೆಲಸ ಸಿಕ್ಕಿ, ನಾಲ್ಕು ಜನ ಸೇರಿ ಒಂದು ಬಾಡಿಗೆ ಮನೆ ಮಾಡಿದ್ದಾಗ ಮತ್ತೆ ನೋಡಿದೆ. ಆಗ ಹಿಡಿಯಿತು. ಯಾಕೆ ಹಿಡಿಯಿತು, ಎಲ್ಲಿ ಸೊರಗುತ್ತದೆ, ಎರಡನ್ನೂ ಹೇಳುತ್ತೇನೆ. ಮಧ್ಯದ ಒಂದೆರಡು ಗುಟ್ಟು ಹೊರಬೀಳುತ್ತವೆ. ಕೊನೆ ಮಾತ್ರ ಹೇಳುವುದಿಲ್ಲ.

ನೋಡದೇ ಇದ್ದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ನಾಲ್ಕು ಸಾಲು. 1998ರಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ 26 ಕಂತುಗಳ ಅನಿಮೆ, ಅಂದರೆ ಜಪಾನಿ ಆನಿಮೇಷನ್ ಸರಣಿ ಇದು. ನಿರ್ದೇಶಕ ಶಿನಿಚಿರೋ ವಾತನಾಬೆ, ಸಂಗೀತ ಯೋಕೊ ಕಾನ್ನೊ, ತಯಾರಿಸಿದ್ದು ಸನ್‌ರೈಸ್ ಸ್ಟುಡಿಯೋ. ಕಥೆ ನಡೆಯುವುದು 2071ರಲ್ಲಿ. ಅದಕ್ಕೂ ಸುಮಾರು ಐವತ್ತು ವರ್ಷ ಹಿಂದೆ, 2022ರಲ್ಲಿ, ಒಂದು ದುರಂತದಲ್ಲಿ ಚಂದ್ರನ ಒಂದು ಭಾಗ ಒಡೆದು ಭೂಮಿಯ ಮೇಲೆ ಕಲ್ಲಿನ ಮಳೆ ಶುರುವಾಗಿರುತ್ತದೆ. (ಆ ವರ್ಷ ನಮಗಂತೂ ಸದ್ಯ ಹಾಗೇ ಕಳೆದುಹೋಯಿತು.) ಜನ ಮಂಗಳ, ಶುಕ್ರ, ಗುರುಗ್ರಹದ ಚಂದ್ರಗಳಿಗೆ ಗುಳೆ ಹೋಗಿದ್ದಾರೆ. ಪೊಲೀಸರ ಕೈಗೆ ಸಿಗದ ಕಳ್ಳರನ್ನು ಹಿಡಿದುಕೊಟ್ಟು ಇನಾಮು ಪಡೆಯುವವರಿಗೆ ಅಲ್ಲಿ ಕೌಬಾಯ್ ಅಂತ ಹೆಸರು. ಅಂಥ ಇಬ್ಬರು ಸ್ಪೈಕ್ ಮತ್ತು ಜೆಟ್. ಆಮೇಲೆ ಫೇ ಅನ್ನೋ ಜೂಜುಕೋರಿ, ಎಡ್ ಅನ್ನೋ ಹುಡುಗಿ, ಐನ್ ಅನ್ನೋ ಕಾರ್ಗಿ ನಾಯಿ ಬಂದು ಸೇರಿಕೊಳ್ಳುತ್ತಾರೆ. ಬೀಬಾಪ್ ಅನ್ನೋದು ಇವರ ನೌಕೆಯ ಹೆಸರು. ಮೊದಲು ಅದು ಮೀನು ಹಿಡಿಯುವ ಹಡಗಾಗಿತ್ತು.

ಆ ಕೊನೆಯ ಮಾತಿನಲ್ಲೇ ವಿಷಯ ಇದೆ. ಇದನ್ನು ಬಾಹ್ಯಾಕಾಶದ ಸಾಹಸ ಅಂತ ನೋಡಲು ಕೂತರೆ ಬೇಜಾರಾಗುತ್ತದೆ. ಒಂದು ಮನೆಯ ಕಥೆ ಅಂತ ನೋಡಿ. ಬಾಡಿಗೆ ಕಟ್ಟಲು ಪರದಾಡುವ, ಒಬ್ಬರಿಗೊಬ್ಬರು ಸರಿಹೋಗದ, ಆದರೆ ಬೇರೆಲ್ಲೂ ಹೋಗಲು ಜಾಗ ಇಲ್ಲದ ನಾಲ್ಕು ಜನರ ಮನೆ.

ನೀವು ನೋಡಿದ ಮೊದಲ ಕಂತನ್ನೇ ನೆನಪಿಸಿಕೊಳ್ಳಿ. ಜೆಟ್ ಅಡುಗೆ ಮಾಡಿರುತ್ತಾನೆ. ದೊಣ್ಣೆಮೆಣಸಿನಕಾಯಿ ಮತ್ತು ಬೀಫ್ ಅಂತ ಹೆಸರು ಬೇರೆ ಹೇಳುತ್ತಾನೆ. ಸ್ಪೈಕ್ ಮುಚ್ಚಳ ತೆಗೆದು ನೋಡಿದರೆ ಬರೀ ಮೆಣಸಿನಕಾಯಿ. ಇದರಲ್ಲಿ ಬೀಫೇ ಇಲ್ಲವಲ್ಲ, ಇದನ್ನು ಆ ಹೆಸರಿನಿಂದ ಕರೆಯೋದು ಹೇಗೆ ಅಂತ ಇವನ ತಕರಾರು. ಕಾಸಿಲ್ಲದಾಗ ಹಾಗೇ ಕರೆಯೋದು ಅಂತ ಅವನ ಉತ್ತರ. ಮೊದಲ ಸಲ ನೋಡಿದಾಗ ಇದು ಸುಮ್ನೆ ಒಂದು ಜೋಕು ಅನ್ನಿಸಿತ್ತು. ಎರಡನೇ ಸಲ ನೋಡುವ ಹೊತ್ತಿಗೆ ತಿಂಗಳ ಕೊನೆಯಲ್ಲಿ ತರಕಾರಿ ಇಲ್ಲದ ಪಲಾವ್ ತಿಂದ ಅನುಭವ ನನಗೂ ಆಗಿತ್ತು. ನಮ್ಮ ರೂಮಿನಲ್ಲೂ ಅದನ್ನು ಪಲಾವ್ ಅಂತಲೇ ಕರೆಯುತ್ತಿದ್ದೆವು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಈ ಗುಂಪೇ ಅದು. ಸ್ಪೈಕ್‌ನ ನೀಲಿ ಸೂಟಿಗೆ, ಸಿಗರೇಟು ಹಚ್ಚುವ ಗತ್ತಿಗೆ ಕೊರತೆ ಇಲ್ಲ. ತಿನ್ನಲು ನೂಡಲ್ಸ್ ಡಬ್ಬಿ. ಹಿಡಿದ ಕಳ್ಳ ಸಾಯುತ್ತಾನೆ, ಇಲ್ಲ ತಪ್ಪಿಸಿಕೊಳ್ಳುತ್ತಾನೆ, ಇಲ್ಲ ಸಿಕ್ಕ ದುಡ್ಡು ರಿಪೇರಿಗೆ ಹೋಗುತ್ತದೆ. ಕಂತಿನಿಂದ ಕಂತಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದೇ ಇಲ್ಲ. 11ನೇ ಕಂತಿನಲ್ಲಿ ನೌಕೆಯೊಳಗೆ ಯಾವುದೋ ಪ್ರಾಣಿ ಒಬ್ಬೊಬ್ಬರನ್ನೇ ಕಚ್ಚಿ ಬೀಳಿಸುತ್ತದೆ. ಕೊನೆಗೆ ನೋಡಿದರೆ ಅದು ಸ್ಪೈಕ್ ಒಂದು ವರ್ಷದ ಹಿಂದೆ ಫ್ರಿಜ್ಜಿನಲ್ಲಿ ಬಚ್ಚಿಟ್ಟು ಮರೆತ ಲಾಬ್‌ಸ್ಟರ್‌ನ ಪ್ರತಾಪ! ಬ್ಯಾಚುಲರ್ ಮನೆಯಲ್ಲಿ ಇದ್ದವರಿಗೆ ಇದು ಕಲ್ಪನೆ ಅನ್ನಿಸುವುದಿಲ್ಲ.

ನಾನು ನೀವಾಗಿದ್ದರೆ 18ನೇ ಕಂತಿನವರೆಗೂ ಹೇಗಾದರೂ ತಲುಪುತ್ತಿದ್ದೆ. ಫೇ ಹೆಸರಿಗೆ ಒಂದು ಪಾರ್ಸೆಲ್ ಬರುತ್ತದೆ. ಸಾಲಗಾರರ ಕಾಟ ಅಂತ ಹೆದರಿ ಅವಳು ಓಡಿಹೋಗುತ್ತಾಳೆ. ಒಳಗೆ ಇರುವುದು ಒಂದು ಹಳೆಯ ವಿಡಿಯೋ ಕ್ಯಾಸೆಟ್. 2071ರಲ್ಲಿ ಅದನ್ನು ಹಾಕಲು ಪ್ಲೇಯರ್ ಎಲ್ಲಿಂದ ತರೋದು? ಸ್ಪೈಕ್ ಮತ್ತು ಜೆಟ್ ಭೂಮಿಗೇ ಇಳಿದು, ಪಾಳುಬಿದ್ದ ಕಟ್ಟಡವೊಂದರಲ್ಲಿ ನೆಲದಡಿಯ ಮಹಡಿ ಮಹಡಿ ಇಳಿದು, ಬೆವರು ಸುರಿಸಿ ಒಂದು ಪ್ಲೇಯರ್ ಹೊತ್ತು ತರುತ್ತಾರೆ. ಅದು ವಿಎಚ್‌ಎಸ್. ಕ್ಯಾಸೆಟ್ ಬೀಟಾ! ಒಂದರ ಕ್ಯಾಸೆಟ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಮರುವರ್ಷ ಬಂದ ವಿಎಚ್‌ಎಸ್ ಅದನ್ನು ಮಾರುಕಟ್ಟೆಯಲ್ಲಿ ಮಲಗಿಸಿತು. ಆ ಜಗಳ ಗೊತ್ತಿದ್ದವರಿಗೆ ಇಲ್ಲಿ ನಗು ತಡೆಯಲಾಗುವುದಿಲ್ಲ.

ಆಮೇಲೆ ಇನ್ನೊಂದು ಪಾರ್ಸೆಲ್‌ನಲ್ಲಿ ಸರಿಯಾದ ಪ್ಲೇಯರೇ ಬರುತ್ತದೆ. ಎಲ್ಲರೂ ಟಿವಿ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಒಬ್ಬ ಶಾಲಾ ಹುಡುಗಿ. ಹತ್ತು ವರ್ಷದ ನಂತರದ ತನಗೆ ತಾನೇ ಮಾತಾಡುತ್ತಿದ್ದಾಳೆ. ಕೈಕಾಲು ಆಡಿಸಿ, ಕುಣಿದು, ನಿನ್ನ ಪರವಾಗಿ ನಾನಿದ್ದೇನೆ ಅಂತ ಹುರಿದುಂಬಿಸುತ್ತಾಳೆ. ಅದು ಫೇ. ಅಪಘಾತವಾಗಿ 54 ವರ್ಷ ಶೀತನಿದ್ರೆಯಲ್ಲಿ (ದೇಹವನ್ನು ಹೆಪ್ಪುಗಟ್ಟಿಸಿ ಇಡುವುದು) ಮಲಗಿ ಎದ್ದ ಅವಳಿಗೆ ಹಿಂದಿನದು ಒಂದೂ ನೆನಪಿಲ್ಲ. ಪರದೆಯ ಹುಡುಗಿ ನಗುತ್ತಾಳೆ. ನೋಡುತ್ತಿರುವ ಫೇ ಮುಖದಲ್ಲಿ ಏನೂ ಇಲ್ಲ. ನೆನಪಿಲ್ಲ ಅನ್ನುತ್ತಾಳೆ, ಅಷ್ಟೇ. ಅವಳು ಅಳುವುದನ್ನು ತೋರಿಸಿದ್ದರೆ ನಾನು ಇಷ್ಟು ವರ್ಷ ಇದನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಹಳೆಯ ಸಾಮಾನಿನ ಮೇಲೆ ಈ ಸರಣಿಗೆ ಒಂದು ಮೋಹ ಇದೆ. 19ನೇ ಕಂತಿನಲ್ಲಿ ಸ್ಪೈಕ್‌ನ ವಿಮಾನ ಕೆಟ್ಟು ಭೂಮಿಯ ಕಡೆ ಬೀಳತೊಡಗುತ್ತದೆ. ಅವನನ್ನು ಎತ್ತಿಕೊಳ್ಳಲು ಒಬ್ಬ ಮುದುಕ ಮೆಕ್ಯಾನಿಕ್ ಹೊರತೆಗೆಯುವುದು ನಾಸಾದ ಹಳೆಯ ಕೊಲಂಬಿಯಾ ನೌಕೆಯನ್ನು. ಆ ಕಂತು ಪ್ರಸಾರವಾಗಿದ್ದು 1999ರಲ್ಲಿ. 2003ರ ಫೆಬ್ರವರಿ 1ರಂದು ನಿಜವಾದ ಕೊಲಂಬಿಯಾ ಭೂಮಿಗೆ ಮರಳುವಾಗ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ನಾನಾಗ ಶಾಲೆಯಲ್ಲಿದ್ದೆ, ಪ್ರಾರ್ಥನೆ ಹೊತ್ತಿನಲ್ಲಿ ಎರಡು ನಿಮಿಷ ಮೌನ ನಿಂತಿದ್ದು ಚೆನ್ನಾಗಿ ನೆನಪಿದೆ. ಮಾಡಿದವರು ಇದನ್ನು ಖುಷಿಯ ಕಂತಾಗಿ ಮಾಡಿದ್ದರು. ನನಗಂತೂ ಆ ಹೆಸರು ಕಾಣುತ್ತಿದ್ದಂತೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಸಂಗೀತದ ಬಗ್ಗೆ ಎಲ್ಲರೂ ಹೇಳಿರುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಬೀಬಾಪ್ ಅನ್ನೋದೇ 1940ರ ದಶಕದ ಜಾಝ್ ಶೈಲಿಯ ಹೆಸರು. ಇಲ್ಲಿ ಕಂತಿಗೆ ಕಂತು ಅನ್ನುವುದಿಲ್ಲ, ಜಾಝ್ ವಾದಕರು ಕೂಡಿ ನುಡಿಸುವುದಕ್ಕೆ ಹೇಳುವ ಹಾಗೆ ಸೆಷನ್ ಅನ್ನುತ್ತಾರೆ. ಕಾನ್ನೊ ಕೆಲವು ಸಲ ಕೇಳದೇ ಇದ್ದ ಹಾಡನ್ನೂ ಮಾಡಿ ಕೊಡುತ್ತಿದ್ದರಂತೆ, ಅದನ್ನು ಕೇಳಿ ವಾತನಾಬೆಗೆ ಹೊಸ ದೃಶ್ಯ ಹೊಳೆಯುತ್ತಿತ್ತಂತೆ. ನೋಡುವಾಗ ಅದು ಗೊತ್ತಾಗುತ್ತದೆ.

ಈಗ ತಕರಾರು. ನನ್ನ ದೊಡ್ಡ ತಕರಾರು ಒಂದೇ. ಈ ಸರಣಿ ತನ್ನ ದೊಡ್ಡ ಕಥೆ ಅಂತ ಯಾವುದನ್ನು ನಂಬಿದೆಯೋ ಅದೇ ಅದರ ಅತ್ಯಂತ ತೆಳು ಭಾಗ.

ಸ್ಪೈಕ್ ಹಿಂದೆ ಒಂದು ಗ್ಯಾಂಗಿನಲ್ಲಿದ್ದ. ಅಲ್ಲಿ ವಿಷಸ್ ಅಂತ ಒಬ್ಬ ಗೆಳೆಯ, ಜೂಲಿಯಾ ಅಂತ ಒಬ್ಬಳು ಪ್ರೇಯಸಿ. ಈ ಮೂವರ ಕಥೆ ಬರುವುದು 5, 12, 13, 25, 26ನೇ ಕಂತುಗಳಲ್ಲಿ. ಮಿಕ್ಕ ಕಡೆ ಅಲ್ಲೊಂದು ಇಲ್ಲೊಂದು ನೆರಳು ಅಷ್ಟೇ. ವಿಷಸ್ ಅನ್ನುವವನಿಗೆ ಬಿಳಿ ಕೂದಲು ಇದೆ, ಹೆಗಲ ಮೇಲೆ ಕಪ್ಪು ಹಕ್ಕಿ ಇದೆ, ಎಲ್ಲರೂ ಗನ್ ಹಿಡಿದಿರುವಾಗ ಇವನ ಕೈಯಲ್ಲಿ ಕತ್ತಿ ಇದೆ. ಇಷ್ಟೆಲ್ಲ ಇದೆ, ಮನುಷ್ಯ ಮಾತ್ರ ಇಲ್ಲ. ಅವನಿಗೆ ಏನು ಬೇಕು, ಯಾಕೆ ಹಾಗಾದ, ಒಂದೂ ತಿಳಿಯುವುದಿಲ್ಲ. ಜೂಲಿಯಾಳದು ಇನ್ನೂ ಅನ್ಯಾಯ. ಅವಳು ಮಳೆ, ಕೆಂಪು ಗುಲಾಬಿ, ಹೊಂಬಣ್ಣದ ಕೂದಲು. ಒಬ್ಬ ಗಂಡಸಿನ ನೆನಪಿನಲ್ಲಿರುವ ಕ್ಯಾಲೆಂಡರ್ ಚಿತ್ರ. ಕೊನೆಗೆ ಅವಳು ಎದುರಿಗೆ ಬಂದು ಮಾತಾಡುವ ಹೊತ್ತಿಗೆ ಕಾಲ ಮೀರಿರುತ್ತದೆ. ಅವಳಿಗಾಗಿ ಇವನು ಪ್ರಾಣ ಪಣಕ್ಕಿಡುತ್ತಾನೆ ಅಂದರೆ, ನನಗೆ ಅವನ ಮೇಲೆ ನಂಬಿಕೆ ಇರುವುದರಿಂದ ಒಪ್ಪಿಕೊಂಡೆ. ಅವಳು ಯಾರು ಅಂತ ಗೊತ್ತಾಗಿ ಅಲ್ಲ.

ಐದನೇ ಕಂತಿನ ಚರ್ಚ್ ಕಾಳಗವನ್ನು ನೋಡಿ ಎಲ್ಲರೂ ಮೂರ್ಛೆ ಹೋಗುತ್ತಾರೆ. ಸ್ಪೈಕ್ ಬಣ್ಣದ ಗಾಜಿನ ಕಿಟಕಿ ಒಡೆದು ಕೆಳಗೆ ಬೀಳುತ್ತಾನೆ, ಹಿಂದೆ ಮಕ್ಕಳ ದನಿಯಂಥ ಒಂದು ಹಾಡು. ನಾನೂ ಮೂರ್ಛೆ ಹೋದವನೇ. ಆದರೆ ಒಂದು ರಾತ್ರಿ ಇಯರ್‌ಫೋನ್ ಕೈಕೊಟ್ಟು, ಪಕ್ಕದಲ್ಲಿ ಮಲಗಿದವನು ಬೈಯುತ್ತಾನೆ ಅಂತ ಸದ್ದಿಲ್ಲದೆ ನೋಡಿದೆ. ಒಬ್ಬ ಮನುಷ್ಯ ಬಹಳ ನಿಧಾನವಾಗಿ ಬೀಳುತ್ತಿದ್ದ, ಅಷ್ಟೇ. ಕಥೆ ಮಾಡಬೇಕಿದ್ದ ಕೆಲಸವನ್ನು ಅಲ್ಲಿ ಹಾಡು ಮಾಡಿತ್ತು.

ಈ ಮಾತಿಗೆ ಒಂದು ಸಾಕ್ಷಿಯೂ ಸಿಕ್ಕಿತು. 2021ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಇದನ್ನು ನಿಜವಾದ ನಟರನ್ನಿಟ್ಟು 10 ಕಂತು ಮಾಡಿತು. ಅವರು ವಿಷಸ್ ಮತ್ತು ಜೂಲಿಯಾಗೆ ಜಾಸ್ತಿ ಜಾಗ ಕೊಟ್ಟರು. ಖಾಲಿ ಪಾತ್ರೆಯನ್ನು ದೊಡ್ಡದು ಮಾಡಿದರೆ ಇನ್ನಷ್ಟು ಖಾಲಿ ಕಾಣುತ್ತದೆ ಅಲ್ವಾ? ತಿಂಗಳೊಳಗೆ ರದ್ದಾಯಿತು. ದಯವಿಟ್ಟು ಅದರಿಂದ ಶುರು ಮಾಡಬೇಡಿ.

ಇನ್ನುಳಿದವು ಸಣ್ಣಪುಟ್ಟವು. ಎಲ್ಲ ಕಂತೂ ಒಂದೇ ಮಟ್ಟದಲ್ಲಿಲ್ಲ. ನಾಲ್ಕನೆಯದರ ಪರಿಸರ ಉಗ್ರರು ನನಗೆ ಹಿಡಿಸಲಿಲ್ಲ, 21ನೆಯದರ ಫೆಂಗ್ ಶುಯಿ ಗೋಜಲು ಎರಡು ಸಲ ನೋಡಿದರೂ ಮನಸ್ಸಿಗೆ ಅಂಟಲಿಲ್ಲ. ಫೇಗೆ ತೊಡಿಸಿದ ಹಳದಿ ತುಂಡುಬಟ್ಟೆ ಯಾರಿಗಾಗಿ ಅಂತ ಎಲ್ಲರಿಗೂ ಗೊತ್ತು. ಸರಣಿಯಲ್ಲಿ ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವಳು ಅವಳು, ಕ್ಯಾಮೆರಾ ಮಾತ್ರ ಬೇರೆಲ್ಲೋ ನೋಡುತ್ತಿರುತ್ತದೆ. ಕಥೆ ಮುಂದಕ್ಕೆ ಹೋಗುತ್ತಿಲ್ಲ ಅಂತ ನೀವು ಬಿಟ್ಟಿದ್ದರೆ, ಆ ದೂರಂತೂ ನಿಜವೇ. ಹೆಚ್ಚಿನ ಕಂತುಗಳು ಬಿಡಿಬಿಡಿ. ಆದರೆ ಅದನ್ನು ನಾನು ದೋಷದ ಲೆಕ್ಕಕ್ಕೆ ಹಾಕುವುದಿಲ್ಲ. ಬಾಡಿಗೆ ಮನೆಯಲ್ಲಿ ದಿನ ಕಳೆಯುವುದೂ ಹಾಗೇ ತಾನೆ.

ಇದು ಹುಟ್ಟಿದ್ದೇ ಆಟಿಕೆ ಮಾರಲು ಅನ್ನೋದು ಗೊತ್ತೇ? ಬಾಂದಾಯ್ ಕಂಪನಿಯ ಆಟಿಕೆ ವಿಭಾಗ ದುಡ್ಡು ಹಾಕಲು ಬಂದಿತ್ತು. ಅಂತರಿಕ್ಷ ನೌಕೆ ಒಂದಿದ್ದರೆ ಸಾಕು, ಮಿಕ್ಕಿದ್ದು ನಿಮ್ಮಿಷ್ಟ ಅಂದಿತ್ತು. ವಾತನಾಬೆ ಮಾಡುತ್ತಿರುವುದನ್ನು ನೋಡಿ, ಇದರಿಂದ ಆಟಿಕೆ ಮಾರಾಟ ಆಗಲ್ಲ ಅಂತ ಹಿಂದೆ ಸರಿಯಿತು. ಅದೇ ಗುಂಪಿನ ಬಾಂದಾಯ್ ವಿಷುಯಲ್ ಕೈಹಿಡಿಯಿತು. ಟಿವಿ ಟೋಕಿಯೋ 1998ರ ಏಪ್ರಿಲಿನಿಂದ ಜೂನ್‌ವರೆಗೆ ಅರ್ಧದಷ್ಟನ್ನೂ ಪೂರ್ತಿ ತೋರಿಸಲಿಲ್ಲ. 26 ಕಂತೂ ಬಂದಿದ್ದು ಅದೇ ವರ್ಷದ ಕೊನೆಯಲ್ಲಿ ವಾವ್‌ವಾವ್ ಅನ್ನೋ ಚಾನೆಲ್‌ನಲ್ಲಿ ಮೊದಲಿನಿಂದ ಶುರುವಾದಾಗ. ಆಟಿಕೆಯವರ ಲೆಕ್ಕ ಸರಿಯಾಗಿಯೇ ಇತ್ತು ಬಿಡಿ. ಮೊಟ್ಟೆ ತಿನ್ನುವ ಇಬ್ಬರು ಗಂಡಸರ ಬೊಂಬೆಯನ್ನು ಯಾವ ಮಗು ಕೇಳುತ್ತದೆ?

ಮೊಟ್ಟೆ ಅಂದೆನಲ್ಲ, ಅದು 24ನೇ ಕಂತು. ಯಾರು ಯಾಕೆ ಮನೆ ಬಿಟ್ಟು ಹೋಗುತ್ತಾರೆ ಅಂತ ಹೇಳುವುದಿಲ್ಲ. ಜೆಟ್ ಎಲ್ಲರಿಗೂ ಅಂತ ಮೊಟ್ಟೆ ಬೇಯಿಸಿ ಇಟ್ಟಿರುತ್ತಾನೆ. ತಿನ್ನಲು ಕೂರುವುದು ಇವನು ಮತ್ತು ಸ್ಪೈಕ್ ಇಬ್ಬರೇ. ಒಂದಾದ ಮೇಲೆ ಒಂದು ಸುಲಿದು ಬಾಯಿಗೆ ತುರುಕುತ್ತಾರೆ. ಒಂದು ಮಾತೂ ಇಲ್ಲ. ಹಾಡು ನಡೆಯುತ್ತಿರುತ್ತದೆ. ಬಾರದವರ ಪಾಲನ್ನೂ ಇವರೇ ಮುಗಿಸುತ್ತಾರೆ. ನಮ್ಮ ಬಾಡಿಗೆ ಮನೆಯಿಂದ ಮೊದಲನೆಯವನು ಮದುವೆಯಾಗಿ ಹೊರಟ ವಾರ, ಅಭ್ಯಾಸಬಲದಿಂದ ನಾಲ್ಕು ಲೋಟ ಅಕ್ಕಿ ಹಾಕಿಬಿಟ್ಟಿದ್ದೆ. ಆ ಅನ್ನ ಎರಡು ದಿನ ತಿಂದೆವು.

ಆದ್ದರಿಂದ ನೇರ ಐದನೇ ಕಂತಿಗೆ ಹೋಗಿ, ನಾಲ್ಕನೆಯದನ್ನು ಬಿಟ್ಟರೂ ನಷ್ಟವಿಲ್ಲ. ಒಂಬತ್ತರಲ್ಲಿ ಎಡ್ ಬರುತ್ತಾಳೆ, ಅಲ್ಲಿಂದ ಮನೆ ತುಂಬುತ್ತದೆ. ದಿನಕ್ಕೆ ಒಂದು ಸಾಕು, ರಾತ್ರಿ ಊಟ ಆದಮೇಲೆ, ಇಯರ್‌ಫೋನ್ ಹಾಕಿಕೊಂಡು. ಜಪಾನಿ ದನಿ ಇರಲಿ, ಇಂಗ್ಲಿಷ್ ಡಬ್ಬಿಂಗ್ ಇರಲಿ, ಎರಡೂ ಚೆನ್ನಾಗಿವೆ. 24 ಮುಗಿದ ಕೂಡಲೇ 25 ತಾನಾಗಿಯೇ ಶುರುವಾಗಲು ನೋಡುತ್ತದೆ. ಅದನ್ನು ನಿಲ್ಲಿಸಿ, ನಾಳೆ ನೋಡಿ.