ಮೊಬೈಲ್ ತಂದಿದ್ದಕ್ಕೆ ಕ್ಲಾಸಿನ ಹೊರಗೆ ನಿಲ್ಲಿಸಬಹುದೇ?

ಹತ್ತನೇ ತರಗತಿಯ ಮಗ ಬ್ಯಾಗಿನಲ್ಲಿ ಮೊಬೈಲ್ ಇಟ್ಟುಕೊಂಡು ಹೋಗಿದ್ದಕ್ಕೆ ವಾರವಿಡೀ ಹೊರಗೆ ನಿಲ್ಲಿಸಿದ್ದಾರೆ, ‘ಹಾಲ್ ಟಿಕೆಟ್ ಕೊಡಲ್ಲ’ ಅಂತಲೂ ಹೆದರಿಸಿದ್ದಾರೆ, ಇದು ಸರಿಯೇ ಅಂತ ಕೇಳಿದ್ದೀರಿ. ನಾನೂ ಹೈಸ್ಕೂಲ್ ಮೇಷ್ಟ್ರೇ, ಹಾಗಾಗಿ ಎರಡು ಮಾತು.

ಮೊಬೈಲ್ ತೆಗೆದಿಟ್ಟುಕೊಂಡು ನಿಮ್ಮನ್ನು ಕರೆಸಿದ್ದರೆ ತಕರಾರು ತೆಗೆಯಬೇಡಿ, ಅದು ನ್ಯಾಯವೇ. ಪಾಠ ತಪ್ಪಿಸುವುದು ಮಾತ್ರ ಶಿಕ್ಷೆಯಲ್ಲ, ಓದಲು ಮನಸ್ಸಿಲ್ಲದ ಹುಡುಗನಿಗೆ ಪುಕ್ಕಟೆ ರಜೆ! ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಆ ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ. ನಿಮ್ಮವನು ಅದನ್ನು ದಾಟಿರಬಹುದು. ಹಾಗಂತ ಕೈ ಬಿಚ್ಚಿ ಹೊಡೆಯಬಹುದು ಅಂತಲ್ಲ. ಮಕ್ಕಳ ಮೇಲೆ ಕ್ರೌರ್ಯ ಎಸಗುವವರನ್ನು ಶಿಕ್ಷಿಸುವ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ 18 ತುಂಬದ ಎಲ್ಲ ಮಕ್ಕಳಿಗೂ ರಕ್ಷಣೆ ಕೊಡುತ್ತದೆ.

ಹಾಲ್ ಟಿಕೆಟ್ ಕೊಡುವುದು ಪರೀಕ್ಷಾ ಮಂಡಳಿ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು, ಆದ್ದರಿಂದ ಹೊರಗೆ ನಿಂತ ದಿನಗಳಿಗೆ ಗೈರು ಹಾಕಿದ್ದಾರಾ ಅಂತ ಮೊದಲು ರಿಜಿಸ್ಟರ್ ನೋಡಿಸಿ. ಹಾಕಿದ್ದರೆ ಹೆಡ್‌ಮಾಸ್ಟರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಸಹಿ ಪಡೆಯಿರಿ. ಬಗ್ಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಒಂದು ಸಲಹೆ, ಕ್ಲಾಸ್ ಟೀಚರ್ ಹತ್ತಿರ ಹೇಳಿ ನೋಡಿ: ಈ ವಯಸ್ಸಿನವರಿಗೆ ಅಸೆಂಬ್ಲಿಯಲ್ಲಿ ಚಪ್ಪಾಳೆ ತಟ್ಟಿಸಿದರೆ ಮುಜುಗರ, ಪ್ರೊಜೆಕ್ಟರ್ ಬೀಗದ ಕೈ ಕೈಗಿಟ್ಟರೆ ಹುರುಪು. ನನ್ನ ತರಗತಿಯ ಅತಿ ತರಲೆ ಹುಡುಗನೇ ಈಗ ಲ್ಯಾಬ್ ಸಾಮಾನಿನ ಲೆಕ್ಕ ಬರೆಯುತ್ತಾನೆ. ಬೀಕರ್ ಒಡೆದರೆ ನನಗಿಂತ ಜೋರಾಗಿ ಅವನೇ ಗದರುತ್ತಾನೆ.